ಕಂಪ್ಯೂಟರ್ ಮೂಲೆ: ಪಂಚಾಯಿತಿ ಲೈಬ್ರರಿಗೆ ಲಿನಕ್ಸ್ ಹಾಕಿಸಲಾ?

ಈ ಸಲ ಬಂದ ಪತ್ರಗಳಲ್ಲಿ ಲೈಬ್ರರಿ ಕಂಪ್ಯೂಟರಿನ ಮಾತೇ ಜಾಸ್ತಿ. ನನಗೆ ಖುಷಿಯಾಯಿತು. ನಿವೃತ್ತಿಗೆ ಮುಂಚೆ ಒಂದು ತಾಲ್ಲೂಕು ಲೈಬ್ರರಿಯಲ್ಲಿ ಪುಸ್ತಕದ ಕೌಂಟರೂ ನನ್ನದೇ, ಅದರ ಪಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದ ಐದು ಕಂಪ್ಯೂಟರೂ ನನ್ನವೇ. ಪುಸ್ತಕಗಳು ಎಂದೂ ತೊಂದರೆ ಕೊಡಲಿಲ್ಲ. ಹಾಗಾಗಿ ಈ ತಿಂಗಳು ಮೊಬೈಲ್ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ನಾನು ಪಂಚಾಯಿತಿ ಅರಿವು ಕೇಂದ್ರದ, ಅಂದರೆ ಲೈಬ್ರರಿಯ, ಮೇಲ್ವಿಚಾರಕಿ. ನಾಲ್ಕು ಕಂಪ್ಯೂಟರ್ ಇವೆ, ನಾಲ್ಕರಲ್ಲೂ ವಿಂಡೋಸ್ 10. ಇನ್ನು ಅಪ್‌ಡೇಟ್ ಇಲ್ಲ ಎಂದು ಪರದೆ ಮೇಲೆ ಬರುತ್ತಿದೆ. ವಿಂಡೋಸ್ 11 ಹಾಕಲು ಹೋದರೆ ಈ ಕಂಪ್ಯೂಟರಿಗೆ ಆಗುವುದಿಲ್ಲ ಎನ್ನುತ್ತದೆ. ರಿಪೇರಿಯವರು ಹೊಸದು ತಗೊಳ್ಳಿ ಅಂತಾರೆ. ಪಿಡಿಒ ಸಾಹೇಬರು ದುಡ್ಡಿಲ್ಲ ಅಂತಾರೆ. ನಮ್ಮೂರಿನ ಎಂಜಿನಿಯರಿಂಗ್ ಹುಡುಗನೊಬ್ಬ ಲಿನಕ್ಸ್ ಹಾಕಿಕೊಡ್ತೀನಿ ಅಂತಾನೆ. ನನಗೆ ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಹಾಕಿಸಲಾ?
– ಮೇಲ್ವಿಚಾರಕಿ, ಹಾವೇರಿ ಜಿಲ್ಲೆ

ಉತ್ತರ: ಹಾಕಿಸಿ ಮೇಡಂ. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ, ಪುಕ್ಕಟೆ ಸಿಗುತ್ತದೆ. ಆದರೆ ನಾಲ್ಕಕ್ಕೂ ಒಂದೇ ದಿನ ಬೇಡ. ಯಾಕೆ ಅಂತ ನನ್ನ ಕಥೆ ಹೇಳಿದರೆ ಗೊತ್ತಾಗುತ್ತದೆ.

ಮೊದಲು ನಿಮ್ಮ ಯಂತ್ರದ ವಿಷಯ. ಅದು ಕೆಟ್ಟಿಲ್ಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಿಮ್ಮದು ಅದಕ್ಕಿಂತ ಹಳೆಯದಿರಬೇಕು, ಅಷ್ಟೆ. ನಾಳೆಯೂ ಆನ್ ಆಗುತ್ತದೆ, ನಾಡಿದ್ದೂ ಆಗುತ್ತದೆ. ಆದರೆ ಹೊಸದಾಗಿ ಕಂಡ ಭದ್ರತೆಯ ತೂತುಗಳನ್ನು ಮಾಮೂಲಿಯಾಗಿ ಯಾರೂ ಮುಚ್ಚುವುದಿಲ್ಲ. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರ್ ಆದರೆ ಹೇಗೋ ತಳ್ಳಬಹುದು. ಊರಿನವರೆಲ್ಲ ಪೆನ್‌ಡ್ರೈವ್ ಚುಚ್ಚುವ ಕಂಪ್ಯೂಟರ್ ಹಾಗಲ್ಲ.

ಈಗ ಕಥೆ. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೂ ಹೀಗೇ ಬೆಂಬಲ ನಿಂತಿತು. ನಮ್ಮ ಐದೂ ಯಂತ್ರಗಳಲ್ಲಿದ್ದದ್ದು ಅದೇ. ರ‍್ಯಾಮ್ ಬರೀ 1 ಜಿಬಿ. ನನಗೆ ಎಲ್ಲಿಲ್ಲದ ಉತ್ಸಾಹ. ಶನಿವಾರ ಬಾಗಿಲು ಹಾಕಿದ ಮೇಲೆ ಕೂತು, ರಾತ್ರಿ ಹನ್ನೊಂದರ ಹೊತ್ತಿಗೆ ಐದಕ್ಕೂ ಲುಬುಂಟು ಎಂಬ ಹಗುರ ಲಿನಕ್ಸ್ ಹಾಕಿ ಮುಗಿಸಿದೆ. ಕಂಪ್ಯೂಟರ್ ಜಿಂಕೆಯಂತೆ ಓಡತೊಡಗಿತು. ರಾತ್ರಿಯೆಲ್ಲ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮತ್ತೆ ಲೈಬ್ರರಿ ಬಾಗಿಲು ತೆರೆದ ದಿನ ಬೆಳಿಗ್ಗೆ ಮೊದಲು ಬಂದವನು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಪೆನ್‌ಡ್ರೈವ್‌ನಿಂದ ತನ್ನ ನೋಟ್ಸ್ ತೆರೆದ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಪರದೆ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ಎಲ್ಲ ಅಂಕುಡೊಂಕು ಇಂಗ್ಲಿಷ್ ಅಕ್ಷರ, ಕೆಲವಕ್ಕೆ ತಲೆ ಮೇಲೆ ಚುಕ್ಕೆ, ಕೆಲವಕ್ಕೆ ಟೋಪಿ. ಅವನು ಪರದೆ ನೋಡಿದ, ನನ್ನ ಮುಖ ನೋಡಿದ. "ಸಾರ್, ನನ್ನ ಮೂರು ತಿಂಗಳು ಎಲ್ಲೋಯ್ತು?" ಅಂದ. ಎಲ್ಲೂ ಹೋಗಿರಲಿಲ್ಲ, ಫಾಂಟ್ ಇಲ್ಲದ್ದಕ್ಕೆ ಹಾಗೆ ಕಾಣುತ್ತಿತ್ತು. ಅದನ್ನು ಅವನಿಗೆ ನಂಬಿಸುವಷ್ಟರಲ್ಲಿ ನನ್ನ ಬೆವರು ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಎರಡು ಯಂತ್ರಕ್ಕೆ ಮತ್ತೆ ಎಕ್ಸ್‌ಪಿ ಹಾಕಿದೆ.

ಆದ್ದರಿಂದ ಒಂದಕ್ಕೆ ಮಾತ್ರ ಹಾಕಿಸಿ, ಒಂದು ತಿಂಗಳು ಬಿಡಿ. ಯಾರು ಏನು ಕೇಳಿ ಬೈದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಪಟ್ಟಿ ಮುಗಿದ ಮೇಲೆ ಎರಡನೆಯದಕ್ಕೆ ಕೈ ಹಾಕಿ.

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಯಾವುದು ಹಾಕಿಸುವುದು? ನನ್ನ ಮತ ಲಿನಕ್ಸ್ ಮಿಂಟ್‌ಗೆ, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಗೆ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ ನೋಡಿದವರಿಗೆ ಕಣ್ಣು ಒಗ್ಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಮಿಂಟ್ 22 ಹಾಕಿದರೆ 2029ರ ವರೆಗೆ ಅಪ್‌ಡೇಟ್ ಬರುತ್ತದೆ. ಪಿಡಿಒ ಅವರ ಹತ್ತಿರ ಸ್ವಲ್ಪ ದುಡ್ಡು ಹುಟ್ಟಿದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆ ಟಾನಿಕ್ ಇಲ್ಲ. ತೆಗೆದ ಡಿಸ್ಕನ್ನು ಬೀರುವಿನಲ್ಲಿಡಿ, ಅದರಲ್ಲಿ ಹಳೆಯ ಕಡತಗಳು ಹಾಗೇ ಇರುತ್ತವೆ.

ಅರ್ಜಿ ಹಾಕುವವರಿಗೆ ಫೈರ್‌ಫಾಕ್ಸ್ ಇದೆ. ಪತ್ರ ಬರೆಯಲು ಲಿಬ್ರೆಆಫೀಸ್, ವಿಡಿಯೋ ಪಾಠಕ್ಕೆ ವಿಎಲ್‌ಸಿ. ಮಕ್ಕಳಿಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಹಾಕಿಸಿ, ಆಮೇಲೆ ಗಲಾಟೆ ನೀವೇ ನೋಡಿ, ಏನು ಒತ್ತಿದರೂ ಒಂದು ಸದ್ದು. ಫೋಟೋ ತಿದ್ದುವ ಜಿಂಪ್ ಮರೆಯಬೇಡಿ. ಅರ್ಜಿಗೆ ಫೋಟೋ 50 ಕೆಬಿ ಒಳಗೆ ಇರಬೇಕು ಅಂತ ಹುಡುಗರು ಒದ್ದಾಡುತ್ತಾರಲ್ಲ, ಜಿಂಪ್‌ನಲ್ಲಿ ಫೋಟೋವನ್ನು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಕ್ವಾಲಿಟಿ ಎಂಬ ಪಟ್ಟಿ ಬರುತ್ತದೆ. ಪ್ರಿವ್ಯೂಗೆ ಟಿಕ್ ಹಾಕಿ ಪಟ್ಟಿಯನ್ನು ಎಡಕ್ಕೆ ಎಳೆಯುತ್ತಾ ಹೋದರೆ ಎಷ್ಟು ಕೆಬಿ ಆಯಿತು ಎಂದು ಅಲ್ಲೇ ತೋರಿಸುತ್ತದೆ. ಇದೊಂದು ಕಲಿಸಿದ್ದಕ್ಕೆ ನನಗೆ ಮದುವೆ ಆಮಂತ್ರಣಗಳು ಬಂದಿವೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಲೈಬ್ರರಿ ಕಂಪ್ಯೂಟರಿಗೆ ಮರೆವು ಇರಬೇಕು. ಮನೆ ಕಂಪ್ಯೂಟರ್ ಎಲ್ಲ ನೆನಪಿಟ್ಟುಕೊಂಡರೆ ಚೆನ್ನ. ಊರಿನ ಕಂಪ್ಯೂಟರ್ ಒಬ್ಬರು ಎದ್ದ ಕೂಡಲೇ ಅವರನ್ನು ಮರೆತುಬಿಡಬೇಕು.

ನಮ್ಮಲ್ಲಿ ಮೂರನೇ ಯಂತ್ರದ ಡೌನ್‌ಲೋಡ್ಸ್ ಫೋಲ್ಡರ್ ಒಂದು ದಿನ ಸುಮ್ನೆ ತೆರೆದು ನೋಡಿದೆ. ಅಬ್ಬಾ! ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಯಾರದೋ ಸಹಿಯ ಸ್ಕ್ಯಾನು, ಒಬ್ಬರ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಬ್ರೌಸರಿನಲ್ಲಿ ಒಬ್ಬ ಹೆಣ್ಣುಮಗಳ ಇಮೇಲ್ ಲಾಗಿನ್ ಹಾಗೇ ಇತ್ತು. ಅದನ್ನು ಯಾರೋ ತೆರೆದು ಅವಳ ಸಂದರ್ಶನದ ಪತ್ರವನ್ನು ಓದಿ, ತಮಾಷೆಗೆ ಅಳಿಸಿಯೂ ಬಿಟ್ಟಿದ್ದರು. ಅವಳು ಬಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಇಮೇಲಿನ ಕಸದ ಬುಟ್ಟಿಯಿಂದ ಪತ್ರ ಸಿಕ್ಕಿತು, ಪುಣ್ಯಕ್ಕೆ. ಆ ತಪ್ಪು ಅಳಿಸಿದವನದ್ದಕ್ಕಿಂತ ನನ್ನದು ಜಾಸ್ತಿ ಅಂತ ಈಗಲೂ ಅನಿಸುತ್ತದೆ.

ಮಿಂಟ್‌ನಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಸೆಟ್ಟಿಂಗ್ಸ್‌ನಲ್ಲಿ ಲಾಗಿನ್ ವಿಂಡೋ ಅಂತ ಇದೆ, ಅದರಲ್ಲಿ ಯೂಸರ್ಸ್, ಅಲ್ಲಿ ಗೆಸ್ಟ್ ಸೆಷನ್ ಅನ್ನುವುದನ್ನು ಆನ್ ಮಾಡಿ. ಬಂದವರು ಗೆಸ್ಟ್ ಆಗಿ ಒಳಗೆ ಹೋಗುತ್ತಾರೆ, ಪಾಸ್‌ವರ್ಡ್ ಬೇಡ. ಅವರು ಲಾಗ್‌ಔಟ್ ಮಾಡಿದ ತಕ್ಷಣ ಇಳಿಸಿಕೊಂಡ ಕಡತ, ಇಮೇಲಿನ ಲಾಗಿನ್, ನೋಡಿದ ಪುಟದ ಗುರುತು, ಬದಲಾಯಿಸಿದ ವಾಲ್‌ಪೇಪರ್ ಎಲ್ಲ ಅಳಿಸಿಹೋಗುತ್ತದೆ. ಗೆಸ್ಟ್ ಆದವರು ಹೊಸ ಸಾಫ್ಟ್‌ವೇರ್ ತುಂಬಲೂ ಆಗುವುದಿಲ್ಲ. ಅದಕ್ಕೆ ಬೇಕಾದ ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಗೊತ್ತಿರಲಿ. ಒಂದು ಲಕೋಟೆಯಲ್ಲಿ ಬರೆದು ಬೀರುವಿನಲ್ಲಿಡಿ. ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಫೋನ್ ಮಾಡಿ ಕೇಳುವ ಪಾಡು ಬೇಡ.

ಇದರಲ್ಲೂ ಒಂದು ಸಂಕಟ ಇದೆ. ಎರಡು ಗಂಟೆ ಕೂತು ಪ್ರಾಜೆಕ್ಟ್ ಟೈಪ್ ಮಾಡಿದ ಮಗು ಲಾಗ್‌ಔಟ್ ಒತ್ತಿದರೆ ಅದೂ ಹೋಯಿತು. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೂ ಹೋಯಿತು. (ಸರ್ಕಾರಿ ಯುಪಿಎಸ್ ಬ್ಯಾಟರಿಗೆ ಎರಡನೇ ಹುಟ್ಟುಹಬ್ಬ ಆದದ್ದನ್ನು ನಾನಂತೂ ನೋಡಿಲ್ಲ.) ಮಾನಿಟರಿನ ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: "ಏಳುವ ಮುಂಚೆ ನಿಮ್ಮ ಕೆಲಸ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಎದ್ದ ಮೇಲೆ ಇಲ್ಲಿ ಏನೂ ಉಳಿಯುವುದಿಲ್ಲ." ಚೀಟಿಯನ್ನು ಯಾರೂ ಓದುವುದಿಲ್ಲ. ಅದಕ್ಕೆ ಬಾಯಲ್ಲೂ ಹೇಳಿ.

ಹುಡುಗನಿಗೆ ಇನ್ನೊಂದು ಮಾತು ಮುಟ್ಟಿಸಿ: ಕನ್ನಡ ಕೀಬೋರ್ಡನ್ನು ತನ್ನ ಲಾಗಿನ್‌ನಲ್ಲಿ ಮಾತ್ರ ಸೇರಿಸಿದರೆ ಗೆಸ್ಟ್‌ಗೆ ಸಿಗುವುದಿಲ್ಲ. ಇಡೀ ಸಿಸ್ಟಮ್‌ಗೆ ಸೇರಿಸಬೇಕು. ಅವನಿಗೆ ಅರ್ಥವಾಗುತ್ತದೆ.

ಪಿಡಿಒ ಸಾಹೇಬರು "ಇದಕ್ಕೆಲ್ಲ ಪರ್ಮಿಷನ್ ಇದೆಯಾ?" ಅಂದರೆ, ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ ಲಿನಕ್ಸ್‌ನಂಥ ತಂತ್ರಾಂಶ, ಬಳಸುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿದೆ ಅನ್ನಿ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಓಡುತ್ತಿರುವುದು ಲಿನಕ್ಸೇ. ಬಾಯಿಮಾತು ಸಾಲದು, ಒಂದು ಪತ್ರ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಮತ್ತೆ, ಪಂಚಾಯಿತಿ ಆಫೀಸಿನ ಡಿಜಿಟಲ್ ಸಹಿಯ ಡಾಂಗಲ್ ಚುಚ್ಚುವ ಕಂಪ್ಯೂಟರ್ ಮಾತ್ರ ಮುಟ್ಟಬೇಡಿ. ಅದು ಬೇರೆಯದೇ ರಗಳೆ.

ಪ್ರಶ್ನೆ: ನಮ್ಮ ಲೈಬ್ರರಿ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ನನಗೆ ನುಡಿ ಟೈಪಿಂಗ್ ಮಾತ್ರ ಬರುತ್ತದೆ. ಹಳೆಯ ನುಡಿ ಕಡತಗಳೂ ತುಂಬ ಇವೆ. ನನ್ನಂಥವರು ಮತ್ತೆ ಮೊದಲಿನಿಂದ ಕಲಿಯಬೇಕಾ?
– ಸ್ಪರ್ಧಾತ್ಮಕ ಪರೀಕ್ಷಾರ್ಥಿ, ದಾವಣಗೆರೆ

ಉತ್ತರ: ಬೇಡ. ನಿಮ್ಮ ಬೆರಳು ಕಲಿತದ್ದು ಕಗಪ ಕೀಲಿ ವಿನ್ಯಾಸ. ಅದು ಲಿನಕ್ಸ್‌ನಲ್ಲಿ ಮೊದಲೇ ಸೇರಿಕೊಂಡು ಬರುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ ಸೇರಿಸುವಾಗ ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎರಡು ಕಡೆ ಕಾಣುತ್ತದೆ. ಬರೀ ಕನ್ನಡ ಅಂತ ಇರುವುದು ಬೇರೆ ವಿನ್ಯಾಸ, ಇನ್‌ಸ್ಕ್ರಿಪ್ಟ್. ಕಗಪ ಎಂದು ಹೆಸರಿರುವುದನ್ನು ಆರಿಸಿ. ಪರೀಕ್ಷೆಗೆ "ಕನ್ನಡ" ಎಂದೇ ಹೊಡೆಯಿರಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರಕ್ಕೆ ಅದೇ ಎಫ್, ಡ ಕಾರಕ್ಕೆ ಅದೇ ಡಬ್ಲ್ಯೂ. ಮನೆಗೆ ಬಂದ ಹಾಗಾಯಿತು, ಅಲ್ವಾ?

ಹಳೆಯ ಕಡತಗಳ ಕತೆ ಬೇರೆ. ಅವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಕಂಪ್ಯೂಟರಿನ ಪಾಲಿಗೆ ಅವು ಇಂಗ್ಲಿಷ್ ಅಕ್ಷರಗಳೇ, ನುಡಿ ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಮೇಲಿನ ಕಥೆಯ ಹುಡುಗನಿಗೆ ಆದದ್ದೂ ಅದೇ. ಯೂನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಿ, ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ. ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ: ಕಾರ್ಯ, ವರ್ಷ, ಧರ್ಮ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬಂದು ಕೂರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮುಂದೆ ಇರಬೇಕು. ಪರಿವರ್ತಕ ಎಡವುವುದು ಇಲ್ಲಿಯೇ.

ಇನ್ನೊಂದು ತೊಂದರೆ ನೀವು ಕೇಳಿಲ್ಲ, ಆದರೆ ಬಂದೇ ಬರುತ್ತದೆ. ವಿಂಡೋಸ್‌ನ ವರ್ಡ್‌ನಲ್ಲಿ ತುಂಗಾ ಫಾಂಟ್ ಹಾಕಿ ಎರಡು ಪುಟಕ್ಕೆ ಕೂರಿಸಿದ ಅರ್ಜಿ ಇಲ್ಲಿ ಎರಡೂಕಾಲು ಪುಟ ಆಗುತ್ತದೆ. ತುಂಗಾ ಇಲ್ಲಿ ಇರುವುದಿಲ್ಲ, ಬೇರೆ ಕನ್ನಡ ಫಾಂಟ್ ಅದರ ಜಾಗಕ್ಕೆ ಬಂದು ಸಾಲುಗಳು ಜರುಗುತ್ತವೆ. ಇಂಗ್ಲಿಷಿಗೆ ಈ ಕಾಟ ಕಡಿಮೆ. ಟೈಮ್ಸ್ ನ್ಯೂ ರೋಮನ್, ಏರಿಯಲ್‌ಗಳ ಅಳತೆಗೇ ಹೊಲಿದ ಲಿಬರೇಶನ್ ಫಾಂಟುಗಳು ಲಿಬ್ರೆಆಫೀಸ್ ಜೊತೆ ಬರುತ್ತವೆ. ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್, ನೋಟೋ ಅಂತ ಮುಕ್ತ ಫಾಂಟುಗಳಿವೆ. ಚೆನ್ನಾಗಿವೆ, ಆದರೆ ತುಂಗಾದ ಅಳತೆ ಅವಕ್ಕಿಲ್ಲ. ಪ್ರಿಂಟಿಗೆ ಬೇರೆ ಕಡೆ ಹೋಗುವುದಿದ್ದರೆ ಪಿಡಿಎಫ್ ಮಾಡಿಕೊಂಡು ಹೋಗಿ. ಪಿಡಿಎಫ್ ಜರುಗುವುದಿಲ್ಲ.

ಪ್ರಶ್ನೆ: ಲಿನಕ್ಸ್‌ನ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಬರಹ, ಎಲ್ಲರಿಗೂ ಕಾಣುತ್ತದೆ ಎಂದ ಮೇಲೆ ಕಳ್ಳರಿಗೂ ಕಾಣುತ್ತದಲ್ಲವೇ? ಪುಕ್ಕಟೆ ಸಿಕ್ಕಿದ್ದನ್ನು ನಂಬುವುದು ಹೇಗೆ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೇಷ್ಟ್ರೇ, ಎರಡು ಪ್ರಶ್ನೆ ಬೆರೆಸಿದ್ದೀರಿ. ವಾಟ್ಸಾಪ್ ಕೂಡ ಪುಕ್ಕಟೆಯೇ, ಆದರೆ ಅದರ ಒಳಗೇನಿದೆ ಎಂದು ನಮಗೆ ತೆರೆದು ತೋರಿಸಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ.

ಕಳ್ಳರಿಗೂ ಕಾಣುತ್ತದೆ, ನಿಜ. ಲಿನಕ್ಸ್‌ಗಳಲ್ಲೆಲ್ಲ ಬಳಕೆಯಾಗುವ ಎಕ್ಸ್‌ಝಡ್ ಎಂಬ ಪುಟ್ಟ ಸಾಫ್ಟ್‌ವೇರಿಗೆ ಒಬ್ಬ ಸಜ್ಜನನ ವೇಷದಲ್ಲಿ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ವಿಶ್ವಾಸ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಅನುಮಾನ ಬಂತು. ಬೆನ್ನು ಹತ್ತಿ ಹೋದರು, ಕೋಡ್ ತೆರೆದು ನೋಡಿದರು, ಸಿಕ್ಕಿಬಿತ್ತು. ಕೋಡ್ ಮುಚ್ಚಿದ್ದರೆ ಆ ಅರ್ಧ ಸೆಕೆಂಡಿನ ಜಾಡು ಹಿಡಿದು ಹೋಗಲು ಅವರಿಗೆ ದಾರಿಯೇ ಇರುತ್ತಿರಲಿಲ್ಲ. ಆದರೆ ಅವರಂಥ ಅನುಮಾನದ ಪ್ರಾಣಿ ಎಲ್ಲ ಕಡೆ ಇರುತ್ತಾರೆ ಎಂದು ನಾನು ಭರವಸೆ ಕೊಡಲಾರೆ.

ಪ್ರಶ್ನೆ: ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಲೈಬ್ರರಿಯ ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೌದಾ?
– ಬಿ.ಕಾಂ. ವಿದ್ಯಾರ್ಥಿನಿ, ಕೋಲಾರ

ಉತ್ತರ: ಅರ್ಧ ಹೌದು. ಆ ವೈರಸ್ ನಿಮ್ಮ ಫೋಲ್ಡರುಗಳನ್ನು ಅಳಿಸಿರುವುದಿಲ್ಲ, ವಿಂಡೋಸ್ ಕಣ್ಣಿಗೆ ಕಾಣದಂತೆ ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಲಿನಕ್ಸ್ ಆ ಬಚ್ಚಿಟ್ಟ ಗುರುತಿಗೆ ಸಾಮಾನ್ಯವಾಗಿ ಸೊಪ್ಪು ಹಾಕುವುದಿಲ್ಲ, ಎಲ್ಲ ಎದುರಿಗೇ ಕಾಣುತ್ತದೆ. ನಿಮ್ಮ ಕಡತಗಳನ್ನು ಬೇರೆ ಕಡೆ ನಕಲು ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಕಡತಗಳನ್ನು ಮಾತ್ರ ವಾಪಸ್ ಹಾಕಿಕೊಳ್ಳಿ. ಶಾರ್ಟ್‌ಕಟ್‌ಗಳನ್ನು, ಹೆಸರು ಗೊತ್ತಿಲ್ಲದ್ದನ್ನು ಜೊತೆಗೆ ತರಬೇಡಿ. ಹಾಗೆ ಮಾಡದೆ ಬರೀ ತೆರೆದು ನೋಡಿ ಮುಚ್ಚಿದರೆ ಲೈಬ್ರರಿ ಕಂಪ್ಯೂಟರಿಗೆ ಏನೂ ಆಗುವುದಿಲ್ಲ, ವೈರಸ್ ನಿಮ್ಮ ಜೊತೆ ಬಸ್ ಹತ್ತಿ ಮನೆಗೆ ಬರುತ್ತದೆ.

ಪ್ರಶ್ನೆ: ನಮ್ಮ ಕಾಲೇಜು ಲೈಬ್ರರಿಗೆ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕಬೇಕೆಂದು ಚರ್ಚೆ ನಡೆದಿದೆ. ನಿಮ್ಮ ಅಭಿಪ್ರಾಯ?
– ಗ್ರಂಥಪಾಲಕರು, ಉಡುಪಿ

ಉತ್ತರ: ಒಳ್ಳೆಯದು, ಆದರೆ ಪುಕ್ಕಟೆ ಎಂಬ ಕಾರಣಕ್ಕೆ ಬೇಡ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಕಡೆಯ ಲೈಬ್ರರಿಗಳ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವಂತಿರಲಿಲ್ಲ. ಅವರು 1999ರಲ್ಲಿ ಹೊಸದನ್ನು ಬರೆಸಿ, 2000ದ ಜನವರಿಯಲ್ಲಿ ಶುರು ಮಾಡಿ, ಎಲ್ಲರಿಗೂ ಬಿಟ್ಟುಕೊಟ್ಟರು. ಕೋಹಾ ಅಂದರೆ ಮಾವೊರಿ ಭಾಷೆಯಲ್ಲಿ ಕೊಡುಗೆ. ಕೊಡುಗೆಯಾಗಿ ಬಂದ ಹಸುವಿಗೂ ಮೇವು ಹಾಕಬೇಕಲ್ಲ? ಸರ್ವರ್ ನೋಡಿಕೊಳ್ಳಲು, ಬ್ಯಾಕಪ್ ತೆಗೆಯಲು, ಹೊಸ ಆವೃತ್ತಿಗೆ ಏರಿಸಲು ಒಬ್ಬರು ಬೇಕು. ಅಂಥವರು ನಿಮ್ಮಲ್ಲಿದ್ದರೆ ಕಣ್ಣು ಮುಚ್ಚಿ ಹಾಕಿ. ಕನ್ನಡ ಪುಸ್ತಕಗಳ ಹೆಸರನ್ನು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ತುಂಬಿಸಿ. ಇಲ್ಲದಿದ್ದರೆ ಹುಡುಕಿದಾಗ ಸಿಗುವುದಿಲ್ಲ. ಎರಡು ಸಾವಿರ ಪುಸ್ತಕದ ಪಂಚಾಯಿತಿ ಲೈಬ್ರರಿಯವರು ಇದನ್ನು ಓದಿ ಆಸೆಪಡಬೇಡಿ, ನಿಮಗೆ ಲಿಬ್ರೆಆಫೀಸಿನ ಒಂದು ಸ್ಪ್ರೆಡ್‌ಶೀಟ್ ಸಾಕು.

ಪ್ರಶ್ನೆ: ಅಂಕಲ್, ನಮ್ಮೂರ ಲೈಬ್ರರಿ ಕಂಪ್ಯೂಟರ್ ತುಂಬಾ ಸ್ಲೋ. ಮೇಲ್ವಿಚಾರಕರು ಊಟಕ್ಕೆ ಹೋದಾಗ ನಾನೇ ಲಿನಕ್ಸ್ ಹಾಕಿಬಿಡಲಾ? ಅವರಿಗೆ ಗೊತ್ತಾಗಲ್ಲ.
– ಪಿಯುಸಿ ವಿದ್ಯಾರ್ಥಿ, ತುಮಕೂರು ಜಿಲ್ಲೆ

ಉತ್ತರ: ಬೇಡ ಮಗಾ! ಆ ಕಂಪ್ಯೂಟರ್ ದಾಸ್ತಾನು ಪುಸ್ತಕದಲ್ಲಿ ಅವರ ಸಹಿಯ ಮೇಲಿದೆ. ಡಿಸ್ಕ್‌ನಲ್ಲಿ ಅವರ ವರ್ಷದ ಲೆಕ್ಕ ಇದ್ದು ನೀನು ಅಳಿಸಿದರೆ ಮುಂದಿನ ಹತ್ತು ವರ್ಷ ಆ ಲೈಬ್ರರಿಗೆ ಲಿನಕ್ಸ್ ಕಾಲಿಡುವುದಿಲ್ಲ, ನೀನೂ ಕಾಲಿಡುವ ಹಾಗಿಲ್ಲ.

8 ಜಿಬಿಯ ಒಂದು ಪೆನ್‌ಡ್ರೈವ್‌ಗೆ ಮಿಂಟ್ ಹಾಕಿಕೋ. ಅವರು ಊಟ ಮುಗಿಸಿ ಬಂದು ಕೂತ ಮೇಲೆ ಕೇಳಿ, ಅವರೆದುರಿಗೇ ಅದರಿಂದಲೇ ಕಂಪ್ಯೂಟರ್ ಆನ್ ಮಾಡು. ಇನ್‌ಸ್ಟಾಲ್ ಎಂಬುದನ್ನು ಒತ್ತದಿದ್ದರೆ ಒಳಗಿನ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ, ಅದನ್ನು ಮೊದಲೇ ಹೇಳಿಬಿಡು. ಅವರು ದಿನಾ ಬರೆಯುವ ಪತ್ರ ಒಂದನ್ನು ಕನ್ನಡದಲ್ಲಿ ಟೈಪ್ ಮಾಡಿ ತೋರಿಸು. ಆಮೇಲೆ ಪ್ರಿಂಟ್ ಕೊಡು. ಇಲ್ಲಿಯೇ ಹುಷಾರು. ಕೆಲವು ಪ್ರಿಂಟರ್ ಚುಚ್ಚಿದ ಕೂಡಲೇ ಓಡುತ್ತವೆ. ಎಚ್‌ಪಿ ಲೇಸರ್‌ಜೆಟ್ 1020 ಥರದವಕ್ಕೆ ಎಚ್‌ಪಿಲಿಪ್ ಎಂಬ ಪ್ರಿಂಟರ್ ತಂತ್ರಾಂಶದ ಜೊತೆ ಇನ್ನೊಂದು ಪ್ಲಗಿನ್ ಇಳಿಸಬೇಕು, ಅದಕ್ಕೆ ಇಂಟರ್ನೆಟ್ ಬೇಕು. ಇನ್ನು ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಏನು ಮಾಡಿದರೂ ಜಪ್ಪಯ್ಯ ಅನ್ನುವುದಿಲ್ಲ. ನನ್ನ ಎರಡು ಭಾನುವಾರ ಅಂಥದ್ದೊಂದು ತಿಂದಿದೆ. ಅದಕ್ಕೇ ಹಿಂದಿನ ದಿನವೇ ಪ್ರಿಂಟರಿನ ಮಾಡೆಲ್ ನೋಡಿ, ಮನೆಯಲ್ಲಿ ಹುಡುಕಿ ಓದಿಕೊಂಡು ಹೋಗು.

ಕಾಗದ ಹೊರಗೆ ಬಂದರೆ ಮುಂದಿನ ಮಾತು ಅವರೇ ಆಡುತ್ತಾರೆ. ಬರದಿದ್ದರೆ ಪ್ರಿಂಟರಿನ ಹಿಂಬದಿಯಲ್ಲಿ ಅಂಟಿಸಿರುವ ಚೀಟಿ ನೋಡಿ, ಮಾಡೆಲ್ ನಂಬರ್ ಪೂರ್ತಿ ಬರೆದು ನನಗೆ ಕಳಿಸು.